ಓದುಗರ ಪ್ರಶ್ನೆ, ನಮ್ಮ ಉತ್ತರ: ಡಾಸ್ ಕಾಲದ ಆಟಗಳು, ಅಪರೂಪದ ಓಎಸ್‌ಗಳು

(ಆದೇಶಗಳನ್ನು ಉಚ್ಚಾರಣೆಯಂತೆ ಕೊಟ್ಟಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ. ಓಎಸ್ ಎಂದರೆ ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶ. ಡಾಸ್ ಹಳೆಯ ಕಾಲದ ಓಎಸ್, ಡಾಸ್‌ಬಾಕ್ಸ್ ಅದನ್ನು ಅನುಕರಿಸುವ ಪ್ರೋಗ್ರಾಮ್. ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ, ಹೈಕು ವಿಂಡೋಸ್ ಬದಲು ಹಾಕಬಹುದಾದ ಓಎಸ್‌ಗಳು.)

ಪ್ರಶ್ನೆ: ಹಳೇ ಪಿಸಿಗೆ ಫ್ರೀಬಿಎಸ್‌ಡಿ ಹಾಕೇನ್ರಿ. ಡೂಮ್ ಸಿಡಿ ಐತಿ, ಆದ್ರ ಅದರಾಗಿನ ಇಎಕ್ಸ್‌ಇ ಚಾಲೂ ಆಗವಲ್ದು. ಡಾಸ್‌ಬಾಕ್ಸ್ ಹಾಕ್ಬೇಕೋ, ಬ್ಯಾರೆ ದಾರಿ ಐತೋ?
— ವಿದ್ಯಾನಗರ, ಹುಬ್ಬಳ್ಳಿ

ಆ ಇಎಕ್ಸ್‌ಇ (ಡಾಸ್‌ಗೆಂದೇ ಮಾಡಿದ ಪ್ರೋಗ್ರಾಮ್ ಫೈಲ್) ಮರೆತುಬಿಡಿ. ನಿಮಗೆ ಬೇಕಾದದ್ದು ಸಿಡಿಯಲ್ಲಿರುವ ವ್ಯಾಡ್ ಫೈಲ್ ಒಂದೇ. ನಕ್ಷೆ, ಚಿತ್ರ, ಸದ್ದು ಎಲ್ಲ ಅದರೊಳಗಿವೆ. ಆಟ ನಡೆಸುವ ಎಂಜಿನ್ನಿನ ಮೂಲ ಕೋಡನ್ನು ಡೂಮ್ ತಯಾರಿಸಿದ ಐಡಿ ಸಾಫ್ಟ್‌ವೇರ್ 1997ರ ಡಿಸೆಂಬರಿನಲ್ಲಿ ಹೊರಬಿಟ್ಟಿತು, 1999ರಲ್ಲಿ ಯಾರು ಬೇಕಾದರೂ ಬದಲಿಸಿ ಹಂಚಬಹುದಾದ ಜಿಪಿಎಲ್ ಪರವಾನಗಿ ಕೊಟ್ಟಿತು. ಹಾಗಾಗಿ ನಿಮ್ಮ ಓಎಸ್‌ಗೇ ಕಂಪೈಲ್ ಆದ (ಅದರಲ್ಲೇ ಓಡುವಂತೆ ಸಿದ್ಧವಾದ) ಎಂಜಿನ್ ಸಿಗುತ್ತದೆ. ರೂಟ್ (ನಿರ್ವಾಹಕ ಖಾತೆ) ಆಗಿ ‘ಪಿಕೆಜಿ ಇನ್‌ಸ್ಟಾಲ್ ಚಾಕೊಲೇಟ್-ಡೂಮ್’ ಕೊಡಿ. ಆಮೇಲೆ ‘ಚಾಕೊಲೇಟ್-ಡೂಮ್ -ಐವ್ಯಾಡ್’ ಎಂದು ಬರೆದು ಮುಂದೆ ಫೈಲಿನ ಪೂರ್ತಿ ಹಾದಿ ಕೊಡಿ. ವ್ಯಾಡ್ ಇಲ್ಲದವರು ಫ್ರೀಡೂಮ್ ಎಂಬ ಉಚಿತ ವ್ಯಾಡ್ ಹಾಕಿಕೊಳ್ಳಬಹುದು. ನಕ್ಷೆಗಳು ಬೇರೆ, ಎಂಜಿನ್ ಅದೇ.

ಎಡವುವುದು ಸಾಮಾನ್ಯವಾಗಿ ಹೆಸರಿನಲ್ಲಿ. ಡಾಸ್‌ಗೆ ದೊಡ್ಡಕ್ಷರ ಸಣ್ಣಕ್ಷರ ಒಂದೇ, ಫ್ರೀಬಿಎಸ್‌ಡಿ ಸೇರಿರುವ ಯುನಿಕ್ಸ್ ಮನೆತನಕ್ಕೆ ಹಾಗಲ್ಲ. ಸಿಡಿಯಿಂದ ನಕಲಾದ ಫೈಲುಗಳ ಹೆಸರನ್ನೆಲ್ಲ ಸಣ್ಣಕ್ಷರಕ್ಕೆ ಬದಲಿಸಿಬಿಡಿ. ಕೆಲವು ಎಂಜಿನ್ ಎರಡನ್ನೂ ಹುಡುಕುತ್ತವೆ, ಕೆಲವು ‘ಫೈಲ್ ಇಲ್ಲ’ ಎಂದು ಕೈ ಎತ್ತುತ್ತವೆ.

ಆಟ ಬಂತು, ಸದ್ದಿಲ್ಲ ಎಂದಾದರೆ ‘ಕ್ಯಾಟ್ /ಡೆವ್/ಸ್ನಡ್‌ಸ್ಟ್ಯಾಟ್’ ನೋಡಿ (ಎಸ್, ಎನ್, ಡಿ, ಎಸ್, ಟಿ, ಎ, ಟಿ). ಸದ್ದಿನ ಸಾಧನಗಳ ಪಟ್ಟಿ ಬರುತ್ತದೆ. ಮಾನಿಟರಿನ ಎಚ್‌ಡಿಎಂಐ ಮೊದಲ ಸಾಧನವಾಗಿ ಕೂತಿದ್ದರೆ ಸದ್ದು ಅಲ್ಲಿಗೆ ಹೋಗುತ್ತಿರುತ್ತದೆ. ಸ್ಪೀಕರಿನ ಸಂಖ್ಯೆ 1 ಇದ್ದರೆ ‘ಸಿಸ್‌ಸಿಟಿಎಲ್’ ಆದೇಶದ ಮೂಲಕ ಎಚ್‌ಡಬ್ಲ್ಯೂ.ಎಸ್‌ಎನ್‌ಡಿ.ಡಿಫಾಲ್ಟ್_ಯುನಿಟ್ ಬೆಲೆಯನ್ನು 1 ಮಾಡಿ. ಬೂಟ್ ಆದ ಮೇಲೂ ಉಳಿಯಬೇಕಾದರೆ ಇದೇ ಸಾಲನ್ನು ಇಟಿಸಿ ಫೋಲ್ಡರಿನ ಸಿಸ್‌ಸಿಟಿಎಲ್.ಕಾನ್ಫ್‌ಗೆ ಸೇರಿಸಿ. ಚಿತ್ರ ತಡವರಿಸುತ್ತಿದ್ದರೆ ಗ್ರಾಫಿಕ್ಸ್ ಡ್ರೈವರ್ ಲೋಡ್ ಆಗಿದೆಯೇ, ನಿಮ್ಮ ಯೂಸರ್ ‘ವಿಡಿಯೋ’ ಗುಂಪಿನಲ್ಲಿದ್ದಾರೆಯೇ ನೋಡಿ. ಡಾಸ್‌ಬಾಕ್ಸ್ ಬೇಕಾಗುವುದು ಮೂಲ ಕೋಡ್ ಹೊರಬರದ ಆಟಗಳಿಗೆ.

ಪ್ರಶ್ನೆ: ಹೈಕು ಓಎಸ್‌ನಾಗ ಡಾಸ್‌ಬಾಕ್ಸ್ ನಡಸ್ತೇನಿ. ಒಂದು ಆಟ ಕುದುರಿಗತೆ ಓಡ್ತೈತಿ, ಇನ್ನೊಂದರಾಗ ಮೊದಲನೇ ಸದ್ದs ಮತ್ತ ಮತ್ತ ಬಂದು ಆಟ ನಿಂತಬಿಡ್ತೈತಿ.
— ಬೆಟಗೇರಿ, ಗದಗ

ಇವು ಎರಡು ಬೇರೆ ರೋಗ. ಓಟದ ಕಾರಣ, ಬಹುಶಃ ಯಾರದೋ ಸಲಹೆಯಂತೆ ‘ಸೈಕಲ್ಸ್=ಮ್ಯಾಕ್ಸ್’ (ಡಾಸ್‌ಬಾಕ್ಸ್‌ನ ವೇಗದ ಸೆಟ್ಟಿಂಗ್) ಹಾಕಿದ್ದೀರಿ. 286 ಪ್ರೊಸೆಸರಿನ ಕಾಲದ ಆಟಕ್ಕೆ ‘ಫಿಕ್ಸೆಡ್ 3000’ ಸಾಕು, 486ರದಕ್ಕೆ 20000ದ ಆಸುಪಾಸು. ಆಡುತ್ತಲೇ ಕಂಟ್ರೋಲ್+ಎಫ್11 ಒತ್ತಿದರೆ ಇಳಿಯುತ್ತದೆ, ಕಂಟ್ರೋಲ್+ಎಫ್12 ಒತ್ತಿದರೆ ಏರುತ್ತದೆ. ಸೆಟ್ಟಿಂಗ್ ಫೈಲ್ ಎಲ್ಲಿದೆ ಎಂದು ಹುಡುಕಾಡಬೇಡಿ, ‘ಡಾಸ್‌ಬಾಕ್ಸ್ -ಪ್ರಿಂಟ್‌ಕಾನ್ಫ್’ ತಾನೇ ಹೇಳುತ್ತದೆ.

ಎರಡನೆಯದು ಐಆರ್‌ಕ್ಯೂ (ಸಾಧನವು ಪ್ರೊಸೆಸರಿಗೆ ಸುದ್ದಿ ಕೊಡುವ ದಾರಿಯ ಸಂಖ್ಯೆ) ತಪ್ಪು. ಸದ್ದಿನ ಒಂದು ತುಂಡು ಮುಗಿದಾಗ ಸೌಂಡ್ ಕಾರ್ಡ್ ಐಆರ್‌ಕ್ಯೂ ಮೂಲಕ ಆಟಕ್ಕೆ ಸುದ್ದಿ ಕೊಡುತ್ತದೆ. ಡಾಸ್‌ಬಾಕ್ಸ್ ಆ ಸುದ್ದಿಯನ್ನು 7ರಲ್ಲಿ ಕಳಿಸುತ್ತದೆ. ಆಟ 5ರಲ್ಲಿ ಕಾಯುತ್ತಿದ್ದರೆ ಮುಂದಿನ ತುಂಡು ಬರುವುದೇ ಇಲ್ಲ. ಆಟದ ಸೆಟಪ್ ನಡೆಸಿ ಸೌಂಡ್ ಬ್ಲಾಸ್ಟರ್, ಪೋರ್ಟ್ 220, ಐಆರ್‌ಕ್ಯೂ 7, ಡಿಎಂಎ 1 ಆರಿಸಿ. ಬೇರೆ ಪಿಸಿಯಿಂದ ಫೋಲ್ಡರ್ ಸಮೇತ ಎತ್ತಿಕೊಂಡು ಬಂದ ಆಟಗಳಲ್ಲಿ ಈ ಕಾಟ ಹೆಚ್ಚು, ಹಳೆಯ ಯಂತ್ರದ ಸೆಟ್ಟಿಂಗೂ ಜೊತೆಗೇ ಬಂದಿರುತ್ತದೆ. ಸದ್ದು ಬರೀ ಹರಿದು ಹರಿದು ಬಂದರೆ ಸೆಟ್ಟಿಂಗ್ ಫೈಲಿನ ಮಿಕ್ಸರ್ ವಿಭಾಗದಲ್ಲಿ ಪ್ರಿಬಫರ್ (ಮುಂಗಡವಾಗಿ ಕೂಡಿಡುವ ಸದ್ದು) 80ಕ್ಕೆ ಏರಿಸಿ. ಗುಂಡು ಹಾರಿದ ಮೇಲೆ ಸದ್ದು ತುಸು ತಡವಾಗಿ ಕೇಳುತ್ತದೆ, ಅಷ್ಟೇ.

ಪ್ರಶ್ನೆ: ಸಿಡಿಯಿಂದ ಐಎಸ್‌ಒ ಮಾಡಿಕೊಂಡೆ. ಆಟ ನಡೀತದ, ಹಾಡಿಲ್ಲ. ಯಾಕ?
— ಬ್ಯಾಡಗಿ, ಹಾವೇರಿ ಜಿಲ್ಲೆ

ಆ ಸಂಗೀತ ಫೈಲ್ ಅಲ್ಲ, ಆಡಿಯೊ ಸಿಡಿಯಲ್ಲಿ ಇರುವಂಥ ಟ್ರ್ಯಾಕ್. ಡೇಟಾ ಸೆಕ್ಟರಿನಲ್ಲಿ (ಸೆಕ್ಟರ್ ಎಂದರೆ ಸಿಡಿಯ ಒಂದು ತುಂಡು) ಬಳಕೆದಾರರ ಪಾಲು 2048 ಬೈಟ್, ಆಡಿಯೊ ಸೆಕ್ಟರ್ 2352 ಬೈಟ್. ಐಎಸ್‌ಒ (ಸಿಡಿಯ ನಕಲು ಫೈಲ್) ಮೊದಲನೆಯದನ್ನು ಮಾತ್ರ ಹಿಡಿಯುತ್ತದೆ. ನಿಮಗೆ ಬಿನ್ (ಕಚ್ಚಾ ನಕಲು) ಮತ್ತು ಕ್ಯೂ (ಟ್ರ್ಯಾಕ್ ಪಟ್ಟಿ) ಫೈಲುಗಳ ಜೋಡಿ ಬೇಕು. ಸಿಡಿಆರ್‌ಡಿಎಒ ಪ್ರೋಗ್ರಾಮಿನ ‘ರೀಡ್-ಸಿಡಿ’ ಆದೇಶಕ್ಕೆ ‘--ರೀಡ್-ರಾ’ ಸೇರಿಸಿ ಓದಿಸಿ, ಬಂದ ಟಿಒಸಿ ಫೈಲನ್ನು ‘ಟಿಒಸಿ2ಕ್ಯೂ’ದಿಂದ ಕ್ಯೂ ಆಗಿ ಬದಲಿಸಿ. ಡಾಸ್‌ಬಾಕ್ಸ್‌ನಲ್ಲಿ ‘ಇಮ್ಗ್‌ಮೌಂಟ್ ಡಿ’ ಬರೆದು, ಕ್ಯೂ ಫೈಲಿನ ಹೆಸರು ಕೊಟ್ಟು, ಕೊನೆಗೆ ‘-ಟಿ ಐಎಸ್‌ಒ’ ಸೇರಿಸಿ. ಬಿನ್ ಅನ್ನು ನೇರವಾಗಿ ಕೊಟ್ಟರೆ ಟ್ರ್ಯಾಕ್ ಪಟ್ಟಿ ಸಿಗದೆ ಮತ್ತೆ ಹಾಡಿಲ್ಲ. ಹಾಡಿನ ಬದಲು ಬರೀ ಶ್‌ಶ್ ಎಂಬ ಗದ್ದಲ ಬಂದರೆ ಬೈಟ್‌ಗಳ ಕ್ರಮ ತಿರುವುಮುರುವಾಗಿದೆ. ಆಡಿಯೊ ಭಾಗವನ್ನು ಅದಲುಬದಲು ಮಾಡಿಕೊಳ್ಳಬೇಕು. ಕ್ಯೂ ಬರೀ ಪಠ್ಯ. ತೆರೆದು ನೋಡಿ, ಒಳಗಿರುವ ಬಿನ್ ಹೆಸರು ಅಕ್ಷರಶಃ ಹೊಂದಬೇಕು.

ಓದುವಾಗಲೇ ಡ್ರೈವ್ ಗುರುಗುಟ್ಟಿ ಎರರ್ ಕೊಟ್ಟರೆ, ನಿಮ್ಮೂರಿನ ಮೆಣಸಿನಕಾಯಿ ಧೂಳಿನ ಮೇಲೂ ಅನುಮಾನ ಪಡಿ. ಐಸೋಪ್ರೊಪೈಲ್ ಆಲ್ಕೋಹಾಲ್ ತುಸುವೇ ತಾಗಿಸಿದ ಹತ್ತಿಕಡ್ಡಿಯಿಂದ ಲೆನ್ಸ್ ಒರೆಸಿ, ಒತ್ತಬೇಡಿ.

ಪ್ರಶ್ನೆ: ಓಪನ್‌ಬಿಎಸ್‌ಡಿಯಲ್ಲಿ ಮನೆ ಫೋಲ್ಡರಿನೊಳಗೆ ನಾನೇ ಕಂಪೈಲ್ ಮಾಡಿದ ಡಾಸ್‌ಬಾಕ್ಸ್ ಕೆಲವು ಆಟ ಶುರುವಾಗುತ್ತಲೇ ಬೀಳುತ್ತದೆ. ವೈನ್ ಉತ್ತಮವೇ?
— ಸಪ್ತಾಪುರ, ಧಾರವಾಡ

ವಿಂಡೋಸ್ ಪ್ರೋಗ್ರಾಮ್ ನಡೆಸುವ ವೈನ್ ಓಪನ್‌ಬಿಎಸ್‌ಡಿಯಲ್ಲಿಲ್ಲ. ಲಿನಕ್ಸ್ ಪ್ರೋಗ್ರಾಮ್ ನಡೆಸುವ ಸೌಲಭ್ಯವನ್ನೂ 6.0 ಆವೃತ್ತಿಯಲ್ಲಿ ತೆಗೆದರು. ಡಾಸ್‌ಬಾಕ್ಸ್ ಬೀಳುವುದಕ್ಕೆ ಕಾರಣ ಅದರ ಡೈನಾಮಿಕ್ ಕೋರ್: ಅದು ಓಡುತ್ತಲೇ ಹೊಸ ಯಂತ್ರಸಂಕೇತ ಬರೆಯುತ್ತದೆ. ಒಂದೇ ಮೆಮೊರಿಯಲ್ಲಿ ಬರೆಯುವುದು, ನಡೆಸುವುದು ಎರಡನ್ನೂ ಓಪನ್‌ಬಿಎಸ್‌ಡಿ ಸುಮ್ಮನೆ ಬಿಡುವುದಿಲ್ಲ. ‘ಡಬ್ಲ್ಯೂಎಕ್ಸ್‌ಅಲೌಡ್’ ಗುರುತಿನ ಡಿಸ್ಕ್ ವಿಭಾಗದಲ್ಲಿ, ಅದಕ್ಕೆಂದೇ ಗುರುತು ಹಾಕಿದ ಪ್ರೋಗ್ರಾಮಿಗೆ ಮಾತ್ರ ಬಿಡುತ್ತದೆ. ಮನೆ ಫೋಲ್ಡರಿಗೆ ಸಾಮಾನ್ಯವಾಗಿ ಆ ಗುರುತಿರದು, /ಯುಎಸ್‌ಆರ್/ಲೋಕಲ್‌ಗೆ ಇರುತ್ತದೆ. ‘ಪಿಕೆಜಿ_ಆ್ಯಡ್ ಡಾಸ್‌ಬಾಕ್ಸ್’ ಎಂದು ಪ್ಯಾಕೇಜನ್ನೇ ಹಾಕಿ. ಆಗಲೂ ಬಿದ್ದರೆ ಸೆಟ್ಟಿಂಗಿನಲ್ಲಿ ‘ಕೋರ್=ನಾರ್ಮಲ್’ ಬರೆಯಿರಿ; ಭಾರಿ ಆಟಗಳು ನಿಧಾನವಾಗುತ್ತವೆ, ಆದರೆ ಬೀಳುವುದಿಲ್ಲ. ವಿಂಡೋಸ್ 98, ಎಕ್ಸ್‌ಪಿ ಕಾಲದ ಆಟಗಳೇ ಬೇಕೆಂದರೆ ಇನ್ನೊಂದು ಡಿಸ್ಕಿನಲ್ಲಿ ಫ್ರೀಬಿಎಸ್‌ಡಿ ಹಾಕಿ, ಅಲ್ಲಿ ವೈನ್ ಪ್ಯಾಕೇಜ್ ಇದೆ.