ಆ ತೂತು ಯಾಕೆ?

ಪ್ರಿಯ ಓದುಗರೇ,

ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ಶಿಲ್ಪಿ ಬಾರ್ಬರಾ ಹೆಪ್‌ವರ್ತ್ ಅವರ ‘ಪೆಲಾಗೋಸ್’ ಶಿಲ್ಪದ ಫೋಟೋ ನೋಡಿ ನೀವು ಬರೆದ ಪತ್ರ ಓದಿದೆ. ‘ಮರದ ತುಂಡಿಗೆ ತೂತು ಕೊರೆದು ದಾರ ಬಿಗಿದರೆ ಶಿಲ್ಪ ಆಗಿಬಿಡುತ್ತಾ? ಈಕೆ ಹೆನ್ರಿ ಮೂರ್ ಅವರ ಶಿಷ್ಯೆ ಅಲ್ವಾ?’ ಎಂದು ಕೇಳಿದ್ದೀರಿ.

ಎರಡನೆಯದನ್ನು ಮೊದಲು ಹೇಳುತ್ತೇನೆ. ಮೂರ್ ಕೂಡ ಹೆಸರಾಂತ ಶಿಲ್ಪಿ, ಆದರೆ ಈಕೆ ಅವರ ಶಿಷ್ಯೆ ಅಲ್ಲ, ಜೊತೆಯಲ್ಲಿ ಓದಿದವರು. ಇಬ್ಬರೂ ಯಾರ್ಕ್‌ಷೈರ್‌ನವರು. ಲೀಡ್ಸ್‌ನ ಕಲಾಶಾಲೆಯಲ್ಲೂ ಆಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲೂ ಒಟ್ಟಿಗೆ ಇದ್ದರು. ಹೆಪ್‌ವರ್ತ್ 1932ರಲ್ಲೇ ಅಲಬಾಸ್ಟರ್ ಎಂಬ ಮೆದು ಕಲ್ಲನ್ನು ಈ ಬದಿಯಿಂದ ಆ ಬದಿಗೆ ಕೊರೆದಿದ್ದರು. ಆ ಶಿಲ್ಪ ಎರಡನೇ ಮಹಾಯುದ್ಧದಲ್ಲಿ ಹಾಳಾಯಿತು. ಅವರನ್ನು ಸದಾ ಮೂರ್ ಅವರ ಹಿಂದೆ ನಿಲ್ಲಿಸಿ ಮಾತಾಡುವುದು ನನಗೆ ನಿಜಕ್ಕೂ ಬೇಸರ ತರುತ್ತದೆ.

ಇನ್ನು ತೂತಿನ ಮಾತು. ಇಲ್ಲಿ ತಪ್ಪು ನಮ್ಮದೂ ಇದೆ. ಒಂದೇ ಬದಿಯ ಫೋಟೋ ಅಚ್ಚು ಹಾಕಿದೆವು. ಪೆಲಾಗೋಸ್ ಎಂದರೆ ಗ್ರೀಕ್‌ನಲ್ಲಿ ಸಮುದ್ರ. 1946ರ ಕೆಲಸ. ಎಲ್ಮ್ ಮರದ್ದು, ಎತ್ತರ ಒಂದೂವರೆ ಅಡಿಯೂ ಇಲ್ಲ. ಹೊರಮೈಯಲ್ಲಿ ಮರದ ಗೆರೆಗಳು ಹಾಗೇ ಕಾಣುತ್ತವೆ. ಒಳಗೆ ತೆಳು ಬಣ್ಣ ಬಳಿದಿದ್ದಾರೆ. ಮರದ ಎರಡು ತುದಿಗಳು ಅಲೆ ಸುರುಳಿಯಾಗುವ ಹಾಗೆ ಒಂದರತ್ತ ಒಂದು ಬಾಗುತ್ತವೆ, ನಡುವೆ ದಾರಗಳು ಬಿಗಿಯಾಗಿ ನಿಂತಿವೆ. ಆಗ ಅವರ ಮನೆ ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನಲ್ಲಿ ಸಮುದ್ರದ ಎದುರಿಗಿತ್ತು. ಅಲ್ಲಿನ ಸೇಂಟ್ ಐವ್ಸ್ ಕೊಲ್ಲಿಯಲ್ಲಿ ನೆಲ ಎರಡೂ ಕಡೆಯಿಂದ ಕೈ ಚಾಚಿ ನೀರನ್ನು ತಬ್ಬಿಕೊಂಡ ಹಾಗಿದೆ. ಆ ತಬ್ಬುಗೆಯೇ ಈ ತೂತು. ತನಗೂ ಸಮುದ್ರಕ್ಕೂ, ಗಾಳಿಗೂ, ಗುಡ್ಡಕ್ಕೂ ನಡುವೆ ಇದ್ದ ಸೆಳೆತವೇ ಆ ದಾರ ಎಂದು ಅವರೇ ಹೇಳಿದ್ದಾರೆ.

ಮೊದಲು ಜೇಡಿಮಣ್ಣಲ್ಲಿ ಮಾದರಿ ಮಾಡಿ, ಕಲ್ಲಿನ ಕೆಲಸವನ್ನು ಬೇರೆಯವರ ಕೈಗೆ ಕೊಡುವುದು ಇಂಗ್ಲೆಂಡಿನಲ್ಲಿ ಆಗ ರೂಢಿಯಾಗಿತ್ತು. ಇವರು ಹಾಗೆ ಮಾಡದೆ ತಾವೇ ಉಳಿ, ಸುತ್ತಿಗೆ ಹಿಡಿದರು. ಅಮೃತಶಿಲೆ ಕೆತ್ತುವುದನ್ನು ಇಟಲಿಗೆ ಹೋಗಿ ಕಲಿತಿದ್ದರು. ಹಾಗಾಗಿ ಆ ತೂತಿನ ಒಂದೊಂದು ಅಂಗುಲವೂ ಕೈ ಆಡಿಸಿ, ಉಜ್ಜಿ, ನಯ ಮಾಡಿದ್ದು.

ಅದೂ ಎಂಥ ದಿನಗಳಲ್ಲಿ! ಮೊದಲ ಮದುವೆಯಿಂದ ಒಬ್ಬ ಮಗನಿದ್ದ. 1934ರಲ್ಲಿ ಒಂದೇ ಹೆರಿಗೆಯಲ್ಲಿ ಮೂರು ಮಕ್ಕಳಾದವು. 1939ರಲ್ಲಿ ಯುದ್ಧದ ಭಯಕ್ಕೆ ಲಂಡನ್ ಬಿಟ್ಟು ಕಾರ್ನ್‌ವಾಲ್‌ಗೆ ಬಂದರು. ಹಗಲು ಪುಟ್ಟ ಮಕ್ಕಳ ಶಾಲೆ ನಡೆಸುವುದು, ಊಟಕ್ಕೆ ತರಕಾರಿ ಬೆಳೆಯುವುದು. ಚಿತ್ರ ಬರೆಯಲು ರಾತ್ರಿಯೇ ಆಗಬೇಕಿತ್ತು. ಮೂವರಿಗೂ ದಡಾರ ಬಂದರೂ ಕಲಾವಿದೆಗೆ ನಷ್ಟವಿಲ್ಲ, ದಿನಕ್ಕೆ ಅರ್ಧ ಗಂಟೆಯಾದರೂ ಕೆಲಸ ಮಾಡಬೇಕು, ಆಗ ರೂಪಗಳು ಮನಸ್ಸಿನಲ್ಲಿ ಬೆಳೆಯುತ್ತಲೇ ಇರುತ್ತವೆ ಎನ್ನುತ್ತಿದ್ದರು. ನಾನು ಇದನ್ನು ಎಷ್ಟೋ ಜನರಿಗೆ ಹೇಳಿದ್ದೇನೆ.

ದೊಡ್ಡ ಹೆಸರು ಆಮೇಲೆ ಬಂತು. ನ್ಯೂಯಾರ್ಕ್‌ನ ವಿಶ್ವಸಂಸ್ಥೆಯ ಮುಂದೆ, ಅದರ ಮಹಾಕಾರ್ಯದರ್ಶಿಯಾಗಿದ್ದ ಡಾಗ್ ಹ್ಯಾಮರ್‌ಶೋಲ್ಡ್ ನೆನಪಿಗೆ 1964ರಲ್ಲಿ ನಿಲ್ಲಿಸಿದ 21 ಅಡಿಯ ಕಂಚಿನ ಶಿಲ್ಪ ಅವರದೇ. ಅದರಲ್ಲೂ ಒಂದು ತೂತಿದೆ. 1975ರಲ್ಲಿ ಸೇಂಟ್ ಐವ್ಸ್‌ನ ತಮ್ಮ ಸ್ಟುಡಿಯೋದಲ್ಲೇ ಬೆಂಕಿ ಅನಾಹುತದಲ್ಲಿ ತೀರಿಕೊಂಡರು. ಅದು ಈಗ ಮ್ಯೂಸಿಯಂ. ಅಲ್ಲಿನ ತೋಟದಲ್ಲಿ ಕಂಚಿನ ದೊಡ್ಡದೊಂದು ಶಿಲ್ಪವಿದೆ. ಅದರ ನಡುವೆ ಹಾದು ಆಚೆ ಹೋಗಬಹುದು.

ಮುಂದಿನ ಸಂಚಿಕೆಯಲ್ಲಿ ಪೆಲಾಗೋಸ್‌ನ ನಾಲ್ಕೂ ಬದಿಯ ಫೋಟೋ ಹಾಕುತ್ತೇವೆ. ನೋಡಿ ಮತ್ತೆ ಬರೆಯಿರಿ.

– ಸಂಪಾದಕ