ಊರಿಗೆ ಹೋದಾಗ ಬೆಕ್ಕನ್ನು ನೋಡಿಕೊಳ್ಳಲು ಕ್ಯಾಮೆರಾ ಒಂದೇ ಸಾಕಾ?

ಸಾಲದು, ಆದರೆ ತುಂಬಾ ಉಪಯೋಗ ಇದೆ. ಊಟದ ಬಟ್ಟಲು, ಮರಳಿನ ಟ್ರೇ ಎರಡೂ ಕಾಣುವ ಹಾಗೆ ಇಡಿ. ಬೆಕ್ಕು ನೋವನ್ನು ಮುಚ್ಚಿಡುವ ಪ್ರಾಣಿ. ಕೂಗಿ ಹೇಳುವುದು ಕಡಿಮೆ. ಊಟ ಬಿಡುತ್ತದೆ, ಇಲ್ಲವೇ ಟ್ರೇಗೆ ಪದೇ ಪದೇ ಹೋಗುತ್ತದೆ. ಅದರಲ್ಲೂ ಗಂಡು ಬೆಕ್ಕು ಟ್ರೇಯಲ್ಲಿ ತಿಣುಕುತ್ತಾ ಕೂತು, ಮರಳು ಒಣಗಿದ ಹಾಗೇ ಇದ್ದರೆ ಮೂತ್ರ ಕಟ್ಟಿರಬಹುದು. ಜೀವಕ್ಕೇ ಅಪಾಯ, ತಕ್ಷಣ ಡಾಕ್ಟರಿಗೆ ತೋರಿಸಬೇಕು.

ದಾವಣಗೆರೆಯ ನಮ್ಮ ಮನೆಯಲ್ಲಿ ಕರೆಂಟ್ ಹೋದರೆ ವೈಫೈ ಹೋಗುತ್ತಿತ್ತು, ಕ್ಯಾಮೆರಾನೂ ಬಂದ್. ಈಗ ಎರಡನ್ನೂ ಯುಪಿಎಸ್‌ಗೆ ಹಾಕಿದ್ದೇನೆ. ಬೀಗದ ಕೈ ಪಕ್ಕದ ಮನೆ ಅಕ್ಕನ ಹತ್ತಿರ ಇರುತ್ತದೆ. ನೀರಿನ ಬಟ್ಟಲು ಉರುಳಿದ್ದು ಹರಿಹರದಲ್ಲಿ ಕೂತವರಿಗೆ ಕಾಣಬಹುದು, ಎತ್ತಿಡೋಕೆ ಆಗಲ್ಲ ಅಲ್ವಾ?