ಚರ್ಚ್ ಯೂತ್ ಗುಂಪಿಗೆ ಮೋಜಿನ ಆಟಗಳಿಂದ ನಾಯಕತ್ವ ಕಲಿಸುವುದು ಹೇಗೆ?

ಮಕ್ಕಳು ಇನ್ನೂ ಚಿಕ್ಕವರು, ಜವಾಬ್ದಾರಿ ಈಗಲೇ ಬೇಡ, ಆಟಗಳಿಂದಲೇ ನಾಯಕತ್ವ ಕಲಿಸುವುದು ಹೇಗೆ ಅಂತ ಬರೆದು ಕೇಳಿದ್ದೀರಿ. ನಿಮ್ಮ ಹಾಗೇ ನಾನೂ ಇಂಥ ಆಟಗಳನ್ನು ಹುಡುಕುತ್ತಿದ್ದೆ. ಧಾರವಾಡ ಕಡೆಯ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಯೂತ್ ಗುಂಪಿನ ಜವಾಬ್ದಾರಿ ನನ್ನ ಮೇಲಿತ್ತು. ಹೈಸ್ಕೂಲಿನವರಿಂದ ಡಿಗ್ರಿ ಓದುವವರ ತನಕ ಎಲ್ಲರೂ ಇದ್ದರು. ಭಾನುವಾರ ಆರಾಧನೆ ಮುಗಿದ ಮೇಲೆ ಹಾಲ್‌ನಲ್ಲಿ ಸೇರುತ್ತಿದ್ದೆವು.

ಮಕ್ಕಳಿಗೆ ತುಂಬಾ ಹಿಡಿಸಿದ್ದು ನೆಹೆಮಿಯನ ಗೋಡೆಯ ಆಟ. ಬೈಬಲಿನ ನೆಹೆಮಿಯ ಪುಸ್ತಕದ 3ನೇ ಅಧ್ಯಾಯದಲ್ಲಿ ಯೆರೂಸಲೇಮಿನ ಗೋಡೆಯನ್ನು ಒಬ್ಬೊಬ್ಬರು ಒಂದೊಂದು ಭಾಗ ಕಟ್ಟುತ್ತಾರೆ ಅಲ್ವಾ? ಅಕ್ಕಸಾಲಿಗರು ಇದ್ದಾರೆ, ಶಲ್ಲೂಮ ಅನ್ನುವವನ ಹೆಣ್ಣುಮಕ್ಕಳೂ ಇದ್ದಾರೆ. 52 ದಿನಕ್ಕೆ ಗೋಡೆ ಮುಗಿಯುತ್ತದೆ. ನಾವು ಗುಂಪಿಗೊಂದು ಭಾಗದಂತೆ ಖಾಲಿ ಶೂ ಡಬ್ಬಿಗಳಲ್ಲಿ ಕಟ್ಟಿದೆವು. ಪಕ್ಕದ ಗುಂಪಿನ ಗೋಡೆಗೆ ನಿಮ್ಮದು ಸರಿಯಾಗಿ ಕೂಡಬೇಕು, ಆದರೆ ಗುಂಪಿಗೆ ಒಬ್ಬರೇ ಪಕ್ಕದವರ ಜೊತೆ ಮಾತಾಡಬಹುದು. ಎಲ್ಲರೂ ಕಿರುಚಾಡುತ್ತಿದ್ದಾಗ, ಯಾವತ್ತೂ ಬಾಯಿ ಬಿಡದ ಒಬ್ಬ ಹುಡುಗ ಎರಡು ಗೋಡೆಗಳ ಎತ್ತರ ನೋಡಿದ. ಮೇಲಿನ ಸಾಲಿನ ಡಬ್ಬಿಗಳನ್ನು ಮಗ್ಗುಲಾಗಿ ತಿರುಗಿಸಿ ಇಟ್ಟ. ಗೋಡೆ ಕೂಡಿತು.

ಆಟದಿಂದ ಸಿಗುವುದು ಇದು. ಯಾರಲ್ಲಿ ಏನಿದೆ ಅಂತ ನಿಮಗೆ ಕಾಣುತ್ತದೆ. ನಾಯಕತ್ವ ಮಾತ್ರ ಆಟದಿಂದ ಬರುವುದಿಲ್ಲ. ಸೋತರೆ ಡಬ್ಬಿ ಬೀಳುತ್ತದೆ, ಅಷ್ಟೇ. ಯಾರಿಗೂ ಏನೂ ಕಳೆದುಹೋಗುವುದಿಲ್ಲ.

ನನಗೆ ಇದು ಗೊತ್ತಾಗಿದ್ದು ಡಿಸೆಂಬರ್ ಕ್ಯಾರಲ್ಸ್‌ನಲ್ಲಿ, ಅಂದರೆ ಮನೆಮನೆಗೆ ಹೋಗಿ ಕ್ರಿಸ್ಮಸ್ ಹಾಡು ಹಾಡುವಾಗ. ಆ ವರ್ಷ ಮನೆಗಳ ಪಟ್ಟಿ, ಟೆಂಪೋ, ಕಾಣಿಕೆ ಲೆಕ್ಕ ಎಲ್ಲವನ್ನೂ ಪಿಯುಸಿ ಓದುವ ಒಂದು ಹುಡುಗಿಗೆ ಒಪ್ಪಿಸಿದ್ದೆ. ಅವಳು ಒಂಟಿಯಾಗಿರುವ ವಯಸ್ಸಾದವರ ಮನೆಗಳನ್ನು ಮೊದಲು ಇಟ್ಟಿದ್ದಳು. "ಅಕ್ಕ, ಅಜ್ಜಿಯಂದಿರು ಬೇಗ ಮಲಗ್ತಾರೆ" ಅಂದಿದ್ದಳು. ದೊಡ್ಡ ಮನೆಗಳೆಲ್ಲ ಕೊನೆಗೆ. ಹೊರಡುವ ಸಂಜೆ ಸಭೆಯ ಹಿರಿಯರೊಬ್ಬರು ನನಗೆ ಫೋನ್ ಮಾಡಿ, ಮನೆಗೆ ನೆಂಟರು ಬಂದಿದ್ದಾರೆ, ಮೊದಲು ನಮ್ಮಲ್ಲಿಗೆ ಬನ್ನಿ ಅಂದರು. ಆಯ್ತು ಅಂದುಬಿಟ್ಟೆ. ಟೆಂಪೋ ಹತ್ತಿರ ನಿಂತು, ಎಲ್ಲರ ಎದುರಿಗೇ, ಅವಳ ಕೈಯಿಂದ ಪಟ್ಟಿ ತೆಗೆದುಕೊಂಡು ಪೆನ್ನಿನಲ್ಲಿ ನಂಬರ್ ತಿದ್ದಿದೆ. ಆ ಹಿರಿಯರ ಮನೆಯಲ್ಲಿ ಕೇಕು, ಕಾಫಿ, ಫೋಟೋ ಅಂತ ಹೊತ್ತು ಹೋಯಿತು. ಒಬ್ಬ ಅಜ್ಜಿಯ ಮನೆ ಮುಟ್ಟುವಷ್ಟರಲ್ಲಿ ಲೈಟ್ ಆರಿತ್ತು. ನಾವು ಹಾಡದೇ ಮುಂದೆ ಹೋದೆವು.

ಪಟ್ಟಿ ಬದಲಾಗಿದ್ದು ದೊಡ್ಡ ವಿಷಯವಲ್ಲ. ಅವಳನ್ನೇ ಕೇಳಿದ್ದರೆ ಅವಳೇ ಏನಾದರೂ ದಾರಿ ಹುಡುಕುತ್ತಿದ್ದಳೋ ಏನೋ. ಅಥವಾ "ಆಗಲ್ಲ" ಅನ್ನುತ್ತಿದ್ದಳು. ಹಾಗೆ ಹೇಳುವ ಹಕ್ಕು ಅವಳಿಗಿತ್ತು. ನಾನು ಕೇಳಲೇ ಇಲ್ಲ. ಕೆಲಸ ನಿನ್ನದು ಅಂತ ಹೇಳಿ, ದೊಡ್ಡವರ ಒಂದು ಫೋನ್ ಬಂದ ಕೂಡಲೇ ವಾಪಸ್ ಕಿತ್ತುಕೊಂಡೆ. ಉಳಿದ ಮಕ್ಕಳೂ ಅದನ್ನು ನೋಡಿದರು. ಮುಂದಿನ ವರ್ಷ ಪಟ್ಟಿ ಮಾಡುವವರು ಯಾರು ಅಂದರೆ ಒಬ್ಬರೂ ಕೈ ಎತ್ತಲಿಲ್ಲ. ಆ ಹುಡುಗಿ ಗುಂಪಿಗೆ ಬರುವುದನ್ನೇ ಬಿಟ್ಟಿದ್ದಳು.

ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 6ನೇ ಅಧ್ಯಾಯ ನೋಡಿ. ದಿನದ ಊಟ ಹಂಚುವಾಗ ಕೆಲವು ವಿಧವೆಯರಿಗೆ ಸಿಗುತ್ತಿಲ್ಲ ಅಂತ ದೂರು ಬರುತ್ತದೆ. ಏಳು ಜನರನ್ನು ನೀವೇ ಆರಿಸಿ ಅಂತ ಅಪೊಸ್ತಲರು (ಯೇಸುವಿನ ಮುಖ್ಯ ಶಿಷ್ಯರು) ಸಭೆಗೆ ಹೇಳಿ, ಕೆಲಸವನ್ನು ಆ ಏಳು ಜನರಿಗೆ ಒಪ್ಪಿಸುತ್ತಾರೆ. ಆಮೇಲೆ ಬಂದು ಯಾರ ತಟ್ಟೆಗೆ ಎಷ್ಟು ಬಿತ್ತು ಅಂತ ಇಣುಕಿದ್ದು ಅಲ್ಲೆಲ್ಲೂ ಇಲ್ಲ.

"ಇನ್ನೂ ಚಿಕ್ಕವರು, ಜವಾಬ್ದಾರಿ ಈಗಲೇ ಬೇಡ" ಅಂತ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. 1844ರಲ್ಲಿ ಲಂಡನ್ನಿನಲ್ಲಿ ವೈಎಂಸಿಎ ಅನ್ನುವ ಕ್ರೈಸ್ತ ಯುವಕರ ಸಂಘ ಶುರು ಮಾಡಿದಾಗ ಜಾರ್ಜ್ ವಿಲಿಯಮ್ಸ್‌ಗೆ 22 ವರ್ಷ. ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗ. ನಿಮ್ಮ ಗುಂಪಿನ ಡಿಗ್ರಿ ಮಕ್ಕಳಿಗೂ ಹೆಚ್ಚುಕಡಿಮೆ ಅದೇ ವಯಸ್ಸು.

ಆಟ ಆಡಿಸಿ, ಬೇಡ ಅನ್ನಲ್ಲ. ಆದರೆ ಆಟ ಮುಗಿದ ಕೂಡಲೇ ಮೈಕ್ ಹಿಡಿದು ಪ್ರಸಂಗ ಮಾಡಬೇಡಿ. ಎಲ್ಲಿ ಸಿಕ್ಕಿಹಾಕಿಕೊಂಡಿರಿ, ಯಾರ ಮಾತು ಯಾರೂ ಕೇಳಲಿಲ್ಲ ಅಂತ ಕೇಳಿ ಸುಮ್ನೆ ಕೂತುಕೊಳ್ಳಿ. ಜಾಸ್ತಿ ಮಾತಾಡುವವರನ್ನೇ ಪ್ರತಿ ಸಲ ಲೀಡರ್ ಮಾಡಬೇಡಿ. ಆಮೇಲೆ ನಿಜವಾದ ಕೆಲಸ ಕೊಡಿ. ಸುಗ್ಗಿ ಹಬ್ಬದಲ್ಲಿ ಕಾಣಿಕೆಯಾಗಿ ಬಂದ ವಸ್ತುಗಳ ಹರಾಜು ಅವರೇ ಕೂಗಲಿ, ಲೆಕ್ಕ ಅವರೇ ಬರೆಯಲಿ, ತಪ್ಪಿದರೆ ಅವರೇ ಸಭೆಗೆ ಹೇಳಲಿ. ಕೊಡುವ ಮೊದಲೇ ಸಭಾಪಾಲಕರ (ಪಾಸ್ಟರ್) ಜೊತೆಗೂ ಕಮಿಟಿಯವರ ಜೊತೆಗೂ ಮಾತಾಡಿ ಒಪ್ಪಿಸಿಕೊಳ್ಳಿ. ಹಿರಿಯರು ಯಾರಾದರೂ ನಿಮಗೆ ಫೋನ್ ಮಾಡಿದರೆ, ಈ ಸಲ ನೋಡಿಕೊಳ್ಳುತ್ತಿರುವುದು ಈ ಹುಡುಗಿ, ಅವಳ ಹತ್ತಿರವೇ ಮಾತಾಡಿ ಅಂತ ಹೇಳಿ ಫೋನನ್ನು ಅವಳ ಕೈಗೆ ಕೊಡಿ.